748 ಸಿಸಿಯ ವಿರಾಗೋ 699ಕ್ಕೆ ಇಳಿದ ಕಥೆ

ಪ್ರಶ್ನೆ: ಅಮೆರಿಕದ ಒರೆಗಾನ್‌ನಲ್ಲಿದ್ದೇನೆ. ಹಳೆಯ ಯಮಹಾ ವಿರಾಗೋ ಬೈಕ್ ಕೊಳ್ಳುವ ಆಸೆಯಿಂದ ಎರಡು ಗಾಡಿ ನೋಡಿಟ್ಟಿದ್ದೇನೆ. 1982ರದ್ದು 750 ಸಿಸಿ, 1985ರದ್ದು 700 ಸಿಸಿ. ಆಮೇಲೆ ಬಂದದ್ದರ ಎಂಜಿನ್ ಯಾಕೆ ಚಿಕ್ಕದು? ಯಾವುದನ್ನು ಕೊಳ್ಳಲಿ? ಕೊಳ್ಳುವ ಮುಂಚೆ ಏನೇನು ನೋಡಬೇಕು?

ಉತ್ತರ: ಎಂಜಿನ್ ಚಿಕ್ಕದಾಗಲು ಕಾರಣ ಸುಂಕ. 80ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಇತ್ತು. ಜಪಾನಿನ ಬೈಕುಗಳು ಮಾರಾಟವಾಗದೆ ಗೋದಾಮುಗಳಲ್ಲಿ ರಾಶಿ ಬಿದ್ದಿದ್ದವು. ತನ್ನ ಉಳಿವೇ ಕಷ್ಟವಾಗಿದೆ ಎಂದು ಅಮೆರಿಕದ ಬೈಕ್ ಕಂಪನಿ ಹಾರ್ಲೆ-ಡೇವಿಡ್‌ಸನ್ ಸರ್ಕಾರದ ಮೊರೆಹೋಯಿತು. 1983ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್, 700 ಸಿಸಿಗಿಂತ ದೊಡ್ಡ ಆಮದು ಬೈಕುಗಳ ಮೇಲಿನ ಸುಂಕವನ್ನು ಶೇ 4.4ರಿಂದ ಒಂದೇ ಏಟಿಗೆ ಶೇ 49.4ಕ್ಕೆ ಏರಿಸಿದರು.

ಯಮಹಾ ಏನು ಮಾಡಿತು ನೋಡಿ. 750ರ ಸಿಲಿಂಡರ್ ಬೋರ್ (ಒಳವ್ಯಾಸ) 83 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 69.2 ಮಿ.ಮೀ., ಎರಡು ಸಿಲಿಂಡರ್ ಸೇರಿ ಒಟ್ಟು 748 ಸಿಸಿ. ಸ್ಟ್ರೋಕ್ ಮುಟ್ಟದೆ ಬೋರನ್ನು ಮಾತ್ರ 80.2ಕ್ಕೆ ಇಳಿಸಿತು. ಲೆಕ್ಕ ಹಾಕಿದರೆ 699 ಸಿಸಿ. ಗೆರೆಯ ಈಚೆಗೆ ಒಂದೇ ಒಂದು ಸಿಸಿ! ಹೋಂಡಾ ಕೂಡ ತನ್ನ ಶ್ಯಾಡೋ, ಮ್ಯಾಗ್ನಾ ಬೈಕುಗಳನ್ನು 700ಕ್ಕೆ ತಂದಿತು. 1987ರಲ್ಲಿ ಹಾರ್ಲೆಯೇ ಸುಂಕ ಸಾಕೆಂದಿತು. 1988ಕ್ಕೆ ಅಮೆರಿಕದಲ್ಲಿ ವಿರಾಗೋ 750 ಮರಳಿ ಬಂತು. ನೀವು ನೋಡಿರುವ 700 ಆ ನಡುವಿನ ನಾಲ್ಕೈದು ವರ್ಷದ ಕೂಸು.

ವಿರಾಗೋವನ್ನು ಹಾರ್ಲೆಯ ನಕಲು ಎಂದು ತಳ್ಳಿಹಾಕುವವರು ಎಂಜಿನ್ನಿನ ಪಕ್ಕ ಕೂತು ನೋಡಿಲ್ಲ ಎಂದೇ ನನ್ನ ಅನಿಸಿಕೆ. ಹಾರ್ಲೆಯ ಎರಡು ಸಿಲಿಂಡರ್‌ಗಳ ನಡುವಿನ ಕೋನ 45 ಡಿಗ್ರಿ, ಇದರದ್ದು 75. ಏರ್ ಕೂಲ್ಡ್, ಪ್ರತಿ ಸಿಲಿಂಡರ್‌ಗೆ ತಲೆಯಲ್ಲೇ ವಾಲ್ವುಗಳನ್ನು ತೆರೆಯುವ ಒಂದು ಕ್ಯಾಮ್‌ಶಾಫ್ಟ್, ಐದು ಗೇರ್. ಎಂಜಿನ್ ಕೆಳಗೆ ಫ್ರೇಮಿನ ಕಂಬಿಗಳೇ ಇಲ್ಲ, ಎಂಜಿನ್ನೇ ಫ್ರೇಮಿನ ಭಾಗವಾಗಿ ಭಾರ ಹೊರುತ್ತದೆ. ಹಿಂದಿನ ಚಕ್ರಕ್ಕೆ ಚೈನ್ ಬದಲು ಶಾಫ್ಟ್. ಲ್ಯಾಟಿನ್‌ನಲ್ಲಿ ವಿರಾಗೋ ಎಂದರೆ ಗಂಡೆದೆಯ ಹೆಣ್ಣು. ಅದರ ಮೂಲಪದ 'ವಿರ್', ನಮ್ಮ 'ವೀರ'ದ ದೂರದ ದಾಯಾದಿ.

ಯಾವುದನ್ನು ಕೊಳ್ಳಲಿ ಎಂದಿರಿ. ನನ್ನ ಮನಸ್ಸು 1982ರ ಕಡೆಗೇ. 1981ರಿಂದ 83ರವರೆಗಿನ 750ಕ್ಕೆ ಸೀಟಿನ ಕೆಳಗೆ ಅಡಗಿದ ಒಂದೇ ಶಾಕ್ ಅಬ್ಸಾರ್ಬರ್. ಆರಾಮಾಗಿ ಕೂತು ಓಡಿಸುವ ಆ ಕಾಲದ ಕ್ರೂಸರ್‌ನಲ್ಲಿ ಅದು ಅಪರೂಪ. 1984ರಿಂದ ಎರಡು ಶಾಕ್, ಕಣ್ಣೀರ ಹನಿಯಾಕಾರದ ಟ್ಯಾಂಕ್ ಬಂದು ರೂಪವೂ ಮಾಮೂಲಿ ಕ್ರೂಸರ್‌ನತ್ತ ವಾಲಿತು.

ಆದರೆ 1982ರದ್ದರಲ್ಲಿ ಸ್ಟಾರ್ಟರನ್ನು ಪರೀಕ್ಷಿಸದೆ ದುಡ್ಡು ಕೊಡಬೇಡಿ. ಮೊದಲ ವರ್ಷಗಳ ಗಾಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ ಅದು. ಗುಂಡಿ ಒತ್ತಿದಾಗ ಒಳಗಿನ ಸಣ್ಣ ಗೇರೊಂದು ತನ್ನ ಶಾಫ್ಟಿನ ಮೇಲೆ ಜಾರಿ, ಎಂಜಿನ್ ಜತೆ ತಿರುಗುವ ಗಾಲಿಯಾದ ಫ್ಲೈವ್ಹೀಲ್‌ನ ಹಲ್ಲುಗಳಿಗೆ ಕೂಡಬೇಕು. ಹಾಗೆ ಜಾರುವಂತೆ ಅದನ್ನು ಹಿಡಿದಿಡುವುದು ಒಂದು ತೆಳು ತಂತಿಯ ಕ್ಲಿಪ್. ಕ್ಲಿಪ್ ಸಡಿಲವಾದರೆ ಗೇರ್ ನಿಂತಲ್ಲೇ ಸುತ್ತಿ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಬ್ಯಾಟರಿ ಸೊರಗಿದ್ದರೆ ಇನ್ನೂ ಕಷ್ಟ.

ಹಾಗಾಗಿ ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎನ್ನಿ. ಹೋದ ಕೂಡಲೇ ಸಿಲಿಂಡರಿನ ರೆಕ್ಕೆಗಳ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ಆಮೇಲೆ ಗುಂಡಿ ಒತ್ತಿ. 'ಕರ್‌ರ್' ಎಂದು ಕಬ್ಬಿಣ ಅರೆದ ಸದ್ದು ಬಂದರೆ ಬೆಲೆ ಇಳಿಸಿ ಕೇಳಿ, ಏಕೆಂದರೆ ಕ್ಲಿಪ್ಪಿನ ಜತೆ ಗೇರುಗಳೂ ಸವೆದಿರಬಹುದು. ಬಹಳ ಕಾಲ ಓಡಿಸದೆ ನಿಂತ ಗಾಡಿಯಾದರೆ ಕಾರ್ಬ್ಯುರೇಟರಿನ ರಬ್ಬರ್ ಡಯಾಫ್ರಮ್ (ತೆಳು ಪೊರೆ) ಹರಿದಿದೆಯೇ ನೋಡಿಸಿ. ಮನೆಗೆ ತಂದ ಮೇಲೆ ಎಂಜಿನ್ ಆಯಿಲ್ ಜತೆಗೆ ಹಿಂದಿನ ಚಕ್ರದ ಶಾಫ್ಟ್ ಗೇರಿನ ಆಯಿಲನ್ನೂ ಬದಲಾಯಿಸಿ. ಬಹಳ ಜನ ಅದನ್ನು ಮರೆತೇಬಿಡುತ್ತಾರೆ.