‘ಅದಾ? ಅದು ಸುಮ್ನೆ ಮೇಡಂ’

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬ ಮಹಿಳೆಯ ಕಥೆ ಇದು. ಅವರನ್ನೇ ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಸುಳ್ಳು ಹೆಸರೂ ಬೇಡ. ‘ಅವರು’ ಎಂದೇ ಇರಲಿ.

ವಯಸ್ಸು 42. ಆಡಿಟ್ ಕೆಲಸ. ಮನೆಯಲ್ಲಿ ಗಂಡ, ಒಂಬತ್ತು ವರ್ಷದ ಮಗಳು. ಬಂದು ಕೂತ ಕೂಡಲೇ ಬ್ಯಾಗಿನಿಂದ ಎಕ್ಸೆಲ್ ಹಾಳೆಯ ಪ್ರಿಂಟ್ ತೆಗೆದು ನನ್ನ ಮುಂದಿಟ್ಟರು. ಹದಿನಾಲ್ಕು ಸಾಲು. ಗಿಟಾರ್, ಜಲವರ್ಣ, ಓಟ, ಮಣ್ಣಿನ ಕೆಲಸ, ಫೋಟೋಗ್ರಫಿ, ಒಂದು ಹೊಸ ಭಾಷೆ, ಈಜು, ಹೀಗೆ. ಪ್ರತಿಯೊಂದರ ಎದುರು ಶುರು ಮಾಡಿದ ದಿನಾಂಕ, ಗುರಿ, ಖರ್ಚು, ‘ಪ್ರಗತಿ ಶೇಕಡಾ’. ಯಾವುದೂ 35 ದಾಟಿರಲಿಲ್ಲ. ಕೊನೆಯ ಕಾಲಂನ ಹೆಸರು ‘ಉಪಯೋಗ’. ಅದು ಪೂರ್ತಿ ಖಾಲಿ.

“ನೋಡಿ ಮೇಡಂ, ಆರಂಭಶೂರತ್ವ ಅಂದ್ರೆ ಇದೇ. ಎಲ್ಲರಿಗೂ ಏನಾದ್ರೂ ಒಂದು ಪ್ಯಾಷನ್ ಇರುತ್ತೆ. ನನಗೆ ಯಾವುದೂ ಇಲ್ಲ. ನನ್ನಲ್ಲೇ ಏನೋ ಕೊರತೆ.”

ಇದು ಈಗಲೇ ಯಾಕೆ ಕಾಡಿತು ಎಂದು ಕೇಳಿದೆ. ಮಗಳು ಶಾಲೆಗೆ ‘ನನ್ನ ಅಮ್ಮ’ ಅಂತ ಹತ್ತು ಸಾಲು ಬರೆಯಬೇಕಿತ್ತಂತೆ. “ಅಮ್ಮಾ, ನಿಂಗೆ ತುಂಬಾ ಇಷ್ಟವಾದದ್ದು ಏನು?” ಎಂದು ಕೇಳಿದ್ದಾಳೆ. ಇವರಿಗೆ ಏನೂ ಹೊಳೆಯಲಿಲ್ಲ. ಮಗಳು ಸ್ವಲ್ಪ ಹೊತ್ತು ಕಾದು, ತಾನೇ ‘ಮಲಗುವುದು’ ಎಂದು ಬರೆದುಕೊಂಡಳು. ಮನೆಯವರೆಲ್ಲ ನಕ್ಕರು. ಇವರೂ ನಕ್ಕರು. ರಾತ್ರಿ ಮಾತ್ರ ಅಳು ತಡೆಯಲಾಗಲಿಲ್ಲ.

ಯಾರಾದರೂ “ಯಾವುದರಲ್ಲೂ ಆಸಕ್ತಿ ಇಲ್ಲ” ಎಂದರೆ ನಾನು ಮೊದಲು ಹವ್ಯಾಸದ ಮಾತಿಗೆ ಹೋಗುವುದಿಲ್ಲ. ಅದು ಖಿನ್ನತೆಯ ಮುಖ್ಯ ಲಕ್ಷಣವೂ ಹೌದು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರದಲ್ಲಿ ಆಸಕ್ತಿ, ಖುಷಿ ಕಡಿಮೆಯಾಗಿದೆಯಾ ಅನ್ನುವುದೇ ಅದರ ಮೊದಲ ಪ್ರಶ್ನೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೂ ಆಳವಾಗಿ ನೋಡಬೇಕು. ಇವರಿಗೆ ಬಂದದ್ದು 6. ನಿದ್ದೆ ಸರಿ ಇತ್ತು, ಊಟ ಸೇರುತ್ತಿತ್ತು, ಸಾಯುವ ಯೋಚನೆ ಇರಲಿಲ್ಲ. ಥೈರಾಯ್ಡ್ ಪರೀಕ್ಷೆ ಹೋದ ತಿಂಗಳೇ ಆಗಿತ್ತು, ಏನೂ ತೊಂದರೆ ಇರಲಿಲ್ಲ. ನಿದ್ದೆಯೇ ಬೇಡ ಅನ್ನುವಷ್ಟು ಹುರುಪು ಬಂದು ಒಟ್ಟೊಟ್ಟಿಗೆ ಹತ್ತು ಕೆಲಸ ಶುರು ಮಾಡಿದ ದಿನಗಳು ಇದ್ದವಾ ಎಂದೂ ಕೇಳಿದೆ. ಇರಲಿಲ್ಲ. ಚಿಕ್ಕಂದಿನಿಂದ ಗಮನ ನಿಲ್ಲದ ತೊಂದರೆಯೂ ಇರಲಿಲ್ಲ. ಇವುಗಳಲ್ಲಿ ಯಾವುದಾದರೂ ಒಂದು ಇದ್ದಿದ್ದರೆ ದಾರಿಯೇ ಬೇರೆ. ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಇಷ್ಟು ಮಾತಾಡುವಾಗ ಅವರ ಕೈ ಸುಮ್ಮನಿರಲಿಲ್ಲ. ಹೊರಗೆ ಕೊಟ್ಟಿದ್ದ ಟೋಕನ್ ಚೀಟಿ ಮೊದಲು ದೋಣಿಯಾಯಿತು. ಅದನ್ನು ಬಿಚ್ಚಿ ಉಗುರಿನಿಂದ ಗೆರೆ ತೀಡಿದರು. ಚೀಟಿ ಪುಟ್ಟ ಡಬ್ಬಿಯಾಯಿತು. ಮತ್ತೆ ಬಿಚ್ಚಿದರು. ಮಗಳ ವಿಷಯ ಹೇಳಿ ಮುಗಿಸುವ ಹೊತ್ತಿಗೆ ಅದು ಕಪ್ಪೆಯಾಗಿತ್ತು. ಬೆನ್ನಿನ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟರೆ ಹಾರುವ ಕಪ್ಪೆ. ಅಷ್ಟು ಹೊತ್ತೂ ಅವರು ಕೈಯ ಕಡೆ ಒಮ್ಮೆಯೂ ನೋಡಿರಲಿಲ್ಲ.

“ಇದನ್ನ ಎಲ್ಲಿ ಕಲಿತಿರಿ?”

“ಅದಾ? ಅದು ಸುಮ್ನೆ ಮೇಡಂ. ಮೀಟಿಂಗಲ್ಲೂ ಮಾಡ್ತಾ ಇರ್ತೀನಿ. ಬೈಸ್ಕೊಂಡಿದ್ದೂ ಉಂಟು.”

“ಈ ಪಟ್ಟಿಯಲ್ಲಿ ಇಲ್ವಲ್ಲ?”

“ಇದನ್ನ ಯಾರಾದ್ರೂ ಹವ್ಯಾಸ ಅಂತಾರಾ?”

ಈ ‘ಸುಮ್ನೆ’ ನಮ್ಮ ಭಾಷೆಯ ವಿಚಿತ್ರ ಪದ. ‘ಸುಮ್ನೆ ಕೂತ್ಕೋ’ ಅಂದರೆ ಗಲಾಟೆ ಮಾಡಬೇಡ ಎಂದರ್ಥ. ‘ಸುಮ್ನೆ ದುಡ್ಡು ಹೋಯ್ತು’ ಅಂದರೆ ದಂಡ. ‘ಸುಮ್ನೆ ಬಂದೆ’ ಅಂದರೆ ಮಾತ್ರ ಅದರಲ್ಲಿ ಪ್ರೀತಿ ಇರುತ್ತದೆ. ಗೋಡೆ ಮೇಲೆ ಗೀಚಿದ ಮಗುವನ್ನು ‘ಯಾಕೋ ಮಾಡ್ದೆ’ ಎಂದು ಕೇಳಿ ನೋಡಿ. ‘ಸುಮ್ನೆ’ ಅನ್ನುತ್ತದೆ. ಅದು ನಿಜವಾದ ಉತ್ತರ. ನಾವೇ ಅದನ್ನು ಉತ್ತರ ಅಂತ ಒಪ್ಪುವುದಿಲ್ಲ. ಇವರೂ ಹಾಗೇ. ಗುರಿ, ದಿನಾಂಕ, ಖರ್ಚು ಇದ್ದ ಹದಿನಾಲ್ಕನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮೂವತ್ತು ವರ್ಷದಿಂದ ಕೈಬಿಡದ ಒಂದು ಮಾತ್ರ ಲೆಕ್ಕದಿಂದ ಹೊರಗಿತ್ತು.

ಇಷ್ಟು ಕಣ್ಣಿಗೆ ಬಿದ್ದ ಮೇಲೂ ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. “ದಿನಕ್ಕೆ ಅರ್ಧ ಗಂಟೆ ಏನಾದರೂ ಆಟದ ಹಾಗೆ ಮಾಡಿ, ಬರೆದಿಟ್ಟುಕೊಳ್ಳಿ” ಎಂದೆ. ಮುಂದಿನ ವಾರ ಹಾಳೆಯಲ್ಲಿ ಹದಿನೈದನೇ ಸಾಲು ಹುಟ್ಟಿತ್ತು. ‘ಆಟ. ಗುರಿ: 7 ದಿನ. ಸಾಧನೆ: 5.’ ಎರಡು ದಿನ ತಪ್ಪಿದ್ದಕ್ಕೆ ಕ್ಷಮೆ ಬೇರೆ ಕೇಳಿದರು! ಅವರ ಕಾಯಿಲೆಗೆ ನಾನೇ ಇನ್ನೊಂದು ಡೋಸ್ ಕೊಟ್ಟ ಹಾಗಾಗಿತ್ತು.

ಅವತ್ತು ಅವರಿಗೆ ಒಂದು ಹಳೆಯ ಪ್ರಯೋಗದ ಬಗ್ಗೆ ಹೇಳಿದೆ. 1973ರಲ್ಲಿ ಪ್ರಕಟವಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕರ್ ಪೆನ್ನಿನಿಂದ ಚಿತ್ರ ಬಿಡಿಸಲು ಇಷ್ಟಪಡುವ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರದ ಮೇಲೆ ತರಗತಿಯಲ್ಲಿ ಮತ್ತೆ ಪೆನ್ನು ಇಟ್ಟು ದೂರದಿಂದ ನೋಡಿದರು. ಪ್ರಶಸ್ತಿ ಸಿಗುತ್ತದೆ ಎಂದು ಗೊತ್ತಿದ್ದು ಬಿಡಿಸಿದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಹೇಳದೆ ಕೊಟ್ಟವರ ಆಸಕ್ತಿ ಕುಗ್ಗಿರಲಿಲ್ಲ. ಬಹುಮಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಹುಮಾನಕ್ಕಾಗಿಯೇ ಮಾಡುತ್ತಿದ್ದೇನೆ ಅನ್ನಿಸಿದರೆ ಆಟ ಡ್ಯೂಟಿಯಾಗಿ ಬಿಡುತ್ತದೆ. ಇವರು ಬಹುಮಾನ ಕೊಡುವವರೂ ತಾವೇ, ಕಸಿದುಕೊಳ್ಳುವವರೂ ತಾವೇ ಆಗಿದ್ದರು.

ಅವರಿಗೆ ಬರುವ ಆಡಿಟ್ ವಿದ್ಯೆಯನ್ನೇ ಉಪಯೋಗಿಸೋಣ ಅಂದುಕೊಂಡೆ. ‘ಉಪಯೋಗ’ ಕಾಲಂ ಹೊಡೆದುಹಾಕಿ, ಅಲ್ಲಿ ‘ಯಾಕೆ ಬಿಟ್ಟೆ’ ಎಂದು ಬರೆಸಿದೆ. ಪೆನ್ಸಿಲ್ ಹಿಡಿದು ಒಂದೊಂದೇ ನೆನಪು ಮಾಡಿಕೊಂಡರು. ಮೂರು ನಿಜವಾಗಿಯೂ ಹಿಡಿಸಿರಲಿಲ್ಲ. ಇನ್ನು ಮೂರಕ್ಕೆ ಕೆಲಸದ ಒತ್ತಡ, ಮಗಳ ಜ್ವರ ಇಂಥವು ಅಡ್ಡ ಬಂದಿದ್ದವು. ಉಳಿದ ಎಂಟರ ಕಥೆ ಒಂದೇ. ಯಾರಿಗೋ ತೋರಿಸಿದ್ದರು, ಇಲ್ಲವೇ ಫೋಟೋ ಹಾಕಿದ್ದರು, ಇಲ್ಲವೇ ಬೇರೆಯವರದ್ದರ ಜೊತೆ ಹೋಲಿಸಿಕೊಂಡಿದ್ದರು. ಅದಾಗಿ ವಾರದೊಳಗೆ ಬಿಟ್ಟಿದ್ದರು. ಗಿಟಾರ್ ಸಾಲಿನಲ್ಲಿ ‘ಬೆರಳು ನೋವು’ ಎಂದು ಬರೆದು, ಹೊಡೆದುಹಾಕಿ, ‘ನಾಚಿಕೆ’ ಎಂದು ಬರೆದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆರಂಭಶೂರತ್ವ ಅನ್ನುವ ಪದ ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಪ್ಯಾಷನ್ ಎಲ್ಲೋ ರೆಡಿಯಾಗಿ ಕೂತಿರುತ್ತದೆ, ಹುಡುಕಿದರೆ ಸಾಕು ಅನ್ನುವ ನಂಬಿಕೆಯೇ ಇಲ್ಲಿ ಅಡ್ಡಗಾಲು. 2018ರಲ್ಲಿ ಪಾಲ್ ಓ’ಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿದ್ದನ್ನು ಪ್ರಕಟಿಸಿದರು. ಆಕಾಶದ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಬಗ್ಗೆ ಒಂದು ಮಜವಾದ ವಿಡಿಯೋ ತೋರಿಸಿದಾಗ ತುಂಬಾ ಜನರಿಗೆ ಆಸಕ್ತಿ ಹುಟ್ಟಿತು. ಆಮೇಲೆ ಅದೇ ವಿಷಯದ ಕಷ್ಟದ ಲೇಖನ ಓದಲು ಕೊಟ್ಟರು. ‘ಆಸಕ್ತಿ ಅನ್ನುವುದು ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ’ ಎಂದು ನಂಬಿದವರ ಉತ್ಸಾಹ ಜಾಸ್ತಿ ಇಳಿಯಿತು. ಬೆಳೆಸಿಕೊಳ್ಳಬಹುದು ಎಂದು ನಂಬಿದವರದ್ದು ಅಷ್ಟು ಇಳಿಯಲಿಲ್ಲ. ಕಷ್ಟ ಎದುರಾದ ಕೂಡಲೇ ‘ಹಾಗಾದರೆ ಇದು ನನ್ನದಲ್ಲ’ ಅನ್ನಿಸಿಬಿಡುತ್ತದೆ, ಅಲ್ವಾ?

ಅವರ ಅಪ್ಪ ಒಂದು ಗಾದೆ ಹೇಳುತ್ತಿದ್ದರಂತೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು. ಅದನ್ನು ಹೇಳಿ ನನ್ನ ಮುಖ ನೋಡಿದರು. ನನಗೆ ಆ ಗಾದೆ ಮೇಲೆ ಜಗಳವಿಲ್ಲ. ಆದರೆ ಮುತ್ತು ಯಾವುದು ಅಂತ ಗೊತ್ತಾಗೋದಕ್ಕೆ ಚಿಪ್ಪು ಬಿಚ್ಚಬೇಕಲ್ಲ ಎಂದೆ. “ಮೇಡಂ, ನನ್ನ ಹದಿನಾಲ್ಕೂ ಚಿಪ್ಪೇ” ಎಂದರು. ಅವತ್ತೇ ಮೊದಲು ಅವರು ಜೋರಾಗಿ ನಕ್ಕಿದ್ದು.

ಉತ್ಸಾಹ ಬಂದು ನಾನು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕಥೆ ಹೇಳಿದೆ. ಮಹಾಯುದ್ಧ ಮುಗಿದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರಿಗೆ ಸಂಶೋಧನೆಯೇ ಬೇಸರವಾಗಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಯಾರೋ ತಟ್ಟೆ ಮೇಲಕ್ಕೆ ಎಸೆದರು. ಅದು ತಿರುಗುತ್ತಾ ಓಲಾಡುವುದನ್ನು ನೋಡಿ, ಸುಮ್ನೆ, ಅದರ ಲೆಕ್ಕ ಹಾಕುತ್ತಾ ಕೂತರು. ಮುಂದೆ ತನಗೆ 1965ರ ನೊಬೆಲ್ ತಂದ ಕೆಲಸಕ್ಕೆ ಆ ತಟ್ಟೆಯ ಆಟವೇ ಮತ್ತೆ ದಾರಿ ತೋರಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. ನಾನು ಮುಗಿಸಿದ ಕೂಡಲೇ ಇವರು, “ಅವರಿಗೆ ನೊಬೆಲ್ ಬಂತು ಅಂತಲೇ ಆ ಕಥೆ ನಮಗೆ ಗೊತ್ತು ಮೇಡಂ. ತಟ್ಟೆ ನೋಡಿ ಏನೂ ಆಗದವರು ಎಷ್ಟು ಜನ ಇದ್ದಾರೋ” ಎಂದರು.

ಆಡಿಟರ್ ಮುಂದೆ ಕಥೆ ಹೇಳುವಾಗ ಹುಷಾರಾಗಿರಬೇಕು. ಅವರು ಹೇಳಿದ್ದು ಸರಿ. ನೊಬೆಲ್ ಆಸೆಗೆ ತಟ್ಟೆ ನೋಡಿದರೆ ಅದೂ ಹದಿನಾರನೇ ಸಾಲು. ಆ ಕಥೆಯನ್ನು ನಾನು ಆಮೇಲೆ ಯಾರಿಗೂ ಸಲಹೆಯಾಗಿ ಹೇಳಿಲ್ಲ.

ಮೂರನೇ ಭೇಟಿಯಲ್ಲಿ ಕೊಟ್ಟ ಸಲಹೆ ಹೀಗಿತ್ತು. ಮನೆಯಲ್ಲಿ ಒಂದು ಡಬ್ಬ ಇಡಿ. ಅದರಲ್ಲಿ ಹಳೇ ಕಾಗದ, ದಾರ, ಬಣ್ಣದ ಪೆನ್ಸಿಲ್, ಕೆಟ್ಟ ಗಡಿಯಾರ, ಕೈಗೆ ಸಿಕ್ಕಿದ್ದು ಹಾಕಿ. ಹೊಸದೇನೂ ಕೊಳ್ಳಬೇಡಿ. ಹೊಸದೊಂದನ್ನು ಮಾಡಿ ನೋಡಬೇಕು ಅನ್ನಿಸಿದರೆ ಮೊದಲ ಮೂರು ಸಲ ಯಾರಿಂದಲಾದರೂ ಎರವಲು ತಗೊಳ್ಳಿ. ಆರು ವಾರದವರೆಗೆ, ಮಾಡಿದ್ದನ್ನು ಯಾರಿಗೂ ತೋರಿಸಬೇಡಿ, ಮಗಳೊಬ್ಬಳಿಗೆ ಬಿಟ್ಟು. ಫೋಟೋ ಬೇಡ. ಬರೆದಿಡುವುದು ಬೇಡವೇ ಬೇಡ. ಬೇಕಂತಲೇ ಕೆಟ್ಟದಾಗಿ ಮಾಡಿ. ಸಾಕಾಯ್ತು ಅನ್ನಿಸುವ ಸ್ವಲ್ಪ ಮುಂಚೆ ಎದ್ದುಬಿಡಿ, ಕೈಗೆ ಇನ್ನೂ ಆಸೆ ಉಳಿದಿರಲಿ. ಬಿಡಬೇಕು ಅನ್ನಿಸಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಬೇಸರವಾ, ಬರ್ತಾ ಇಲ್ಲ ಅನ್ನೋ ನಾಚಿಕೆಯಾ? ಬೇಸರವಾದರೆ ಧಾರಾಳವಾಗಿ ಬಿಡಿ. ನಾಚಿಕೆಯಾದರೆ ಇನ್ನೂ ಮೂರು ಸಲ ಕೂತು ನೋಡಿ.

“ಮೂಡ್ ಬರದಿದ್ರೆ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮೂಡ್‌ಗೆ ಕಾಯಬಾರದು. ಪೀಟರ್ ಲೆವಿನ್‌ಸೋನ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಖಿನ್ನತೆ ಇರುವವರ ಜೊತೆ ಕೆಲಸ ಮಾಡುತ್ತಾ, ಖುಷಿ ಕೊಡುವ ಚಟುವಟಿಕೆಗಳನ್ನು ದಿನಚರಿಗೆ ಸೇರಿಸುವ ದಾರಿಯನ್ನು ಬೆಳೆಸಿದರು. ಮನಸ್ಸು ಬಂದ ಮೇಲೆ ಕೈ ಹಾಕುವುದಲ್ಲ, ಕೈ ಹಾಕಿದ ಮೇಲೆ ಮನಸ್ಸು ಹಿಂದೆ ಬರುತ್ತದೆ. ಅದಕ್ಕೇ ಹೊತ್ತು ಗೊತ್ತು ಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಮಾತ್ರ ಗೊತ್ತು ಮಾಡಬೇಡಿ ಎಂದೆ.

ಆದರೆ ಹೊತ್ತು ಎಲ್ಲಿದೆ? ಆಸಕ್ತಿ ಬೆಳೆಸಿಕೊಳ್ಳಿ ಎಂದು ಪುಕ್ಕಟೆ ಸಲಹೆ ಕೊಡುವವರು ಇದನ್ನು ಕೇಳುವುದೇ ಇಲ್ಲ. ಕೆಲಸ ಮುಗಿಸಿ ಬಂದು, ಮಗಳ ಪಾಠ, ಮನೆಗೆಲಸ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಯಾರಿಗಾದರೂ ಮಲಗುವುದೇ ಇಷ್ಟವಾಗುತ್ತದೆ. ಮಗಳು ಬರೆದದ್ದು ಸರಿಯೇ ಇತ್ತು. ಹಾಗಾಗಿ ಗಂಡನನ್ನೂ ಒಂದು ದಿನ ಕರೆಸಿದೆ. ಒಳ್ಳೆಯ ಮನುಷ್ಯ, ತಮಾಷೆ ಸ್ವಲ್ಪ ಜಾಸ್ತಿ. ಹೆಂಡತಿ ಏನೇ ಶುರು ಮಾಡಿದರೂ “ಇದು ಎಷ್ಟು ದಿನವೋ” ಅನ್ನುವುದು ಅಭ್ಯಾಸ. ಆ ಮಾತು ಚುಚ್ಚುತ್ತದೆ ಅಂತ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡು ಕೇಳಿಕೊಂಡೆ. ಆ ಮಾತು ಬಿಡಬೇಕು, ಶನಿವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಮನೆ, ಮಗಳು ಎರಡೂ ಅವರ ಪಾಲು. ಎರಡನೆಯದಕ್ಕೆ ತಕ್ಷಣ ಒಪ್ಪಿದರು. ಮೊದಲನೆಯದು ಬಿಡೋಕೆ ಒಂದು ತಿಂಗಳು ಹಿಡಿಯಿತಂತೆ.

ಮೂರು ತಿಂಗಳ ಮೇಲೆ ಬಂದರು. ಈಜು ಮತ್ತೆ ಶುರು ಮಾಡಿ ಮತ್ತೆ ಬಿಟ್ಟಿದ್ದರು, ಬೇಸರಕ್ಕೆ. ಮಗಳ ಜೊತೆ ಗಡಿಯಾರ ಬಿಚ್ಚಿದ್ದರು. ಅದು ಈಗಲೂ ನಡೆಯುತ್ತಿಲ್ಲ, ಎರಡು ಸ್ಕ್ರೂ ಜಾಸ್ತಿ ಉಳಿದಿವೆ. ಗಿಟಾರ್ ಮೂಲೆಯಿಂದ ಹೊರಗೆ ಬಂದಿದೆ, ತಂತಿ ಮಾತ್ರ ಹಾಕಿಸಿಲ್ಲ. ಎಕ್ಸೆಲ್ ಹಾಳೆ ಅಳಿಸಿದಿರಾ ಎಂದು ಕೇಳಿದೆ. “ಇಲ್ಲ, ಎಲ್ಲೋ ಇದೆ” ಎಂದರು. ಕಾಗದ ಮಡಿಸುವುದು ಮುಂದುವರಿದಿದೆ. ಈಗ ತುಂಡುಗಳನ್ನು ಮಡಿಸಿ, ಅಂಟಿಲ್ಲದೆ ಒಂದರೊಳಗೊಂದು ಸಿಕ್ಕಿಸುವ ಬಗೆಯದ್ದು ಕಲಿತಿದ್ದಾರೆ. ಸೊನೊಬೆ ಅಂತ ಅದರ ಹೆಸರು. ಆರು ತುಂಡು ಸೇರಿಸಿದರೆ ಘನ, ಮೂವತ್ತು ಸೇರಿಸಿದರೆ ಮೈತುಂಬ ಮೊನೆ ಇರುವ ಚೆಂಡು. ಬ್ಯಾಗಿನಿಂದ ಅರ್ಧ ಆದ ಚೆಂಡು ತೆಗೆದರು. ಆಫೀಸಿನ ರದ್ದಿ ಕಾಗದ, ಒಳಗಡೆ ಅಲ್ಲಲ್ಲಿ ಅಂಕಿ ಕಾಣುತ್ತಿತ್ತು.

“ಹನ್ನೊಂದು ತುಂಡು ಬಾಕಿ. ಎಣಿಸಿದೆ ಅಂತ ಬೈಬೇಡಿ ಮೇಡಂ.”

ಚೆಂಡಿಗೇ ಮೂವತ್ತು ಬೇಕಲ್ಲ, ಈ ಎಣಿಕೆ ನಡೆಯುತ್ತೆ ಎಂದೆ.

“ಹಾಗಾದ್ರೆ ನನ್ನ ಪ್ಯಾಷನ್ ಇದೇ ಅಂತೀರಾ?” ಎಂದು ಕೇಳಿದರು.

“ಮಗಳು ಈಗ ಕೇಳಿದರೆ ಏನು ಹೇಳ್ತೀರಿ?” ಎಂದೆ.

ಉತ್ತರ ಬರಲಿಲ್ಲ. ತಲೆ ಎತ್ತಿ ನೋಡಿದೆ. ಒಂದು ಮೊನೆ ಪಕ್ಕದ ಜೇಬಿನೊಳಗೆ ಕೂರುತ್ತಿರಲಿಲ್ಲ. ಹೊರಗೆಳೆದು, ಉಗುರಿನಿಂದ ತೀಡಿ, ತಿರುಗಿಸಿ ಮತ್ತೆ ಸಿಕ್ಕಿಸುತ್ತಿದ್ದರು. ನಾನು ಕೇಳಿದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ.