ಶಾರ್ಟ್‌ವೇವ್ ಅಲೈನ್‌ಮೆಂಟಿಗೆ ಮೊದಲು ಬೇಕಾದದ್ದು ಜನರೇಟರ್ ಅಲ್ಲ, ಅಟೆನ್ಯುಯೇಟರ್

ಅಲೈನ್‌ಮೆಂಟಿಗೆಂದು, ಅಂದರೆ ಸೆಟ್ಟಿನ ಕಾಯಿಲುಗಳನ್ನು ಸರಿಯಾದ ಫ್ರೀಕ್ವೆನ್ಸಿಗೆ ಹೊಂದಿಸಲೆಂದು, ಐದು ವಾಲ್ವಿನ ಮರ್ಫಿ ರೇಡಿಯೋ ಸೆಟ್ಟಿನ ಏರಿಯಲ್ ಸಾಕೆಟ್ಟಿಗೆ, ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಹುಟ್ಟಿಸುವ ಎಸ್‌ಐ5351 ಬೋರ್ಡನ್ನು ನೇರವಾಗಿ ಜೋಡಿಸಿ, ಬೀಪ್ ಸದ್ದು ಜೋರಾಗುವ ತನಕ ಐಎಫ್ ಕ್ಯಾನುಗಳ (ಸೆಟ್ಟಿನ ನಡುವಣ ಫ್ರೀಕ್ವೆನ್ಸಿಗೆ ಟ್ಯೂನ್ ಆದ ಕಾಯಿಲುಗಳ ಲೋಹದ ಡಬ್ಬಿಗಳ) ಒಳಗಿನ ತಿರುಗಿಸುವ ಕೋರ್‌ಗಳನ್ನು ತಿರುಗಿಸಿದ್ದಾಗಿಯೂ, ಈಗ ಸ್ಟೇಷನ್ನುಗಳು ಎರಡೆರಡು ಕಡೆ ಸಿಗುತ್ತಿರುವುದರಿಂದ ಹದಿನೆಂಟು ಸಾವಿರ ಕೊಟ್ಟು ಹಳೆಯ ಲ್ಯಾಬ್ ಜನರೇಟರ್ ಒಂದನ್ನು ಕೊಳ್ಳಲಿರುವುದಾಗಿಯೂ ಬರೆದಿದ್ದೀರಿ. ದಯವಿಟ್ಟು ಆ ಹಣವನ್ನು ಕೊಡಬೇಡಿ. ನಿಮ್ಮ ಬೋರ್ಡಿನ ಫ್ರೀಕ್ವೆನ್ಸಿಯಲ್ಲಿ ಯಾವ ದೋಷವೂ ಇಲ್ಲ. ಅದರ ಸಿಗ್ನಲ್ ಮಿತಿಮೀರಿ ಬಲವಾಗಿದೆ, ಬೇಕಾದದ್ದು ಅದನ್ನು ತಗ್ಗಿಸುವ ಅಟೆನ್ಯುಯೇಟರ್.

ನಮ್ಮ ತಾತನವರ ಫಿಲಿಪ್ಸ್ ಸೆಟ್ಟಿಗೆ ನಾನು ಇದನ್ನೇ ಮಾಡಿದ್ದೆ. ಎರವಲು ತಂದ ಜನರೇಟರನ್ನು ಪೂರ್ತಿ ಔಟ್‌ಪುಟ್ಟಿಗೆ ಇಟ್ಟು ಕೋರ್ ತಿರುಗಿಸಿದರೆ, ಅರ್ಧ ಸುತ್ತು ತಿರುಗಿಸಿದರೂ ಸದ್ದಿನಲ್ಲಿ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಸಿಗ್ನಲ್ ಹೆಚ್ಚಿದಂತೆ ಎವಿಸಿ (ಸ್ವಯಂಚಾಲಿತ ವಾಲ್ಯೂಮ್ ನಿಯಂತ್ರಣ) ವಾಲ್ವುಗಳ ಗೇನನ್ನು, ಅಂದರೆ ವರ್ಧನೆಯನ್ನು, ತಗ್ಗಿಸುತ್ತದೆ, ಆದ್ದರಿಂದ ಪೀಕ್ ಇರಬೇಕಾದ ಜಾಗದಲ್ಲಿ ಅಗಲವಾದ ಸಮತಟ್ಟು ಮಾತ್ರ ಉಳಿಯುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಪೀಕ್ ಸಿಗಲಿಲ್ಲವೆಂದು ಇನ್ನಷ್ಟು ತಿರುಗಿಸಿದೆ, ಮೇಣ ಹಿಡಿದಿದ್ದ ಒಂದು ಕೋರನ್ನು ಉಕ್ಕಿನ ಸ್ಕ್ರೂಡ್ರೈವರಿನಿಂದ ಒತ್ತಿದೆ, ಅದು ಸೀಳಿ ಕ್ಯಾನಿನೊಳಗೇ ಸಿಕ್ಕಿಕೊಂಡಿತು. ಸಂಡೇ ಬಜಾರಿನ ಗುಜರಿ ರಾಶಿಯಲ್ಲಿ ಅದೇ ಬಗೆಯ ಕ್ಯಾನ್ ಸಿಗುವ ವೇಳೆಗೆ ಏಳು ತಿಂಗಳು ಕಳೆದಿದ್ದವು, ಮತ್ತು ಆ ಏಳು ತಿಂಗಳೂ ತಾತ ಪ್ರತಿ ಸಂಜೆ ರೇಡಿಯೋ ಯಾವಾಗ ಹಾಡುತ್ತದೆಂದು ಕೇಳುತ್ತಲೇ ಇದ್ದರು. ಆದ್ದರಿಂದ ಗುಂಪಿನಲ್ಲಿ ಯಾರಾದರೂ ‘ನೇರವಾಗಿ ಜೋಡಿಸಿದೆ’ ಎಂದು ಬರೆದರೆ ನನಗೆ ಸುಮ್ಮನಿರಲಾಗುವುದಿಲ್ಲ.

ಎಸ್‌ಐ5351 50 ಓಮ್ ಲೋಡಿಗೆ ಸುಮಾರು 0.7 ವೋಲ್ಟ್ ಕೊಡುತ್ತದೆ. ಅಲೈನ್‌ಮೆಂಟಿಗೆ ಬೇಕಾದದ್ದು ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. 80 ಡಿಬಿ (ಡೆಸಿಬೆಲ್), ಅಂದರೆ ಹತ್ತು ಸಾವಿರ ಪಟ್ಟು, ತಗ್ಗಿಸಿದರೆ 70 ಮೈಕ್ರೋವೋಲ್ಟ್ ಉಳಿಯುತ್ತದೆ, ಅಲ್ಲಿಂದ ಕೆಲಸ ಆರಂಭಿಸಬಹುದು. 20 ಡಿಬಿಯ ಒಂದು ಪೈ ವಿಭಾಗಕ್ಕೆ (π ಅಕ್ಷರದ ಆಕಾರದಲ್ಲಿ ಮೂರು ರೆಸಿಸ್ಟರುಗಳ ಜೋಡಣೆಗೆ) ಎರಡು ಬದಿಯಲ್ಲಿ ಗ್ರೌಂಡಿಗೆ 62 ಓಮ್, ನಡುವೆ ಸೀರೀಸಿನಲ್ಲಿ 240 ಓಮ್ ಹಾಕಿದರೆ ಸಾಕು. ಲೆಕ್ಕದ ಬೆಲೆಗಳು 61.1 ಮತ್ತು 247.5, ಆ ಅಲ್ಪ ವ್ಯತ್ಯಾಸದಿಂದ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಇಂತಹ ನಾಲ್ಕು ವಿಭಾಗಗಳನ್ನು ಸ್ಲೈಡ್ ಸ್ವಿಚ್ಚುಗಳೊಂದಿಗೆ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಪ್ರತಿ ಎರಡರ ನಡುವೆ ತಗಡಿನ ಗೋಡೆಯೊಂದನ್ನು ಬೆಸುಗೆ ಹಾಕಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡ ರೆಸಿಸ್ಟರ್, ಸ್ವಿಚ್ಚುಗಳಿಗೆ ನನಗೆ ಇನ್ನೂರು ರೂಪಾಯಿ ಸಹ ಆಗಲಿಲ್ಲ. ವೈರ್‌ವೌಂಡ್ ರೆಸಿಸ್ಟರನ್ನು ಮಾತ್ರ ಖಂಡಿತ ಬಳಸಬಾರದು.

ಇಷ್ಟಾದರೂ ಬೋರ್ಡು ಬಯಲಿನಲ್ಲಿದ್ದರೆ ಅಟೆನ್ಯುಯೇಟರ್ ವ್ಯರ್ಥ, ಏಕೆಂದರೆ ಸಿಗ್ನಲ್ ಯುಎಸ್‌ಬಿ ತಂತಿಯ ಮೂಲಕವೂ ಗಾಳಿಯ ಮೂಲಕವೂ ಸೆಟ್ಟನ್ನು ಸೇರುತ್ತದೆ. ಬೋರ್ಡನ್ನೂ ಅದಕ್ಕೆ ಶಕ್ತಿ ಕೊಡುವ ಪವರ್‌ಬ್ಯಾಂಕನ್ನೂ ಒಟ್ಟಿಗೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳ ತಾಗುವ ಅಂಚಿನ ಬಣ್ಣವನ್ನು ಕೆರೆದು ಮುಚ್ಚಿರಿ. ಬಳಿಕ ಕೇಬಲ್ಲನ್ನು ಸೆಟ್ಟಿನಿಂದ ಬಿಡಿಸಿ, ಅದರ ತುದಿಗೆ 50 ಓಮ್ ಹಾಕಿ ಕೇಳಿ. ಬೀಪ್ ಇನ್ನೂ ಕೇಳಿಸಿದರೆ ಸೋರಿಕೆ ಇದೆ. ನೀವು ಕೊಳ್ಳಬೇಕೆಂದಿರುವ ಜನರೇಟರನ್ನೂ ಹಣ ಕೊಡುವ ಮೊದಲು ಹೀಗೆ ಪರೀಕ್ಷಿಸಲೇಬೇಕು. ಹಳೆಯ ಸರ್ವಿಸ್ ಜನರೇಟರುಗಳಲ್ಲಿ ಡಯಲ್ ತಪ್ಪು ತೋರಿಸುವುದಕ್ಕಿಂತ ಈ ಸೋರಿಕೆಯೇ ದೊಡ್ಡ ಕಾಯಿಲೆ.

ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ನನ್ನ ಮತ ಟೈನಿಎಸ್‌ಎ ಎಂಬ ಕಿರು ಸ್ಪೆಕ್ಟ್ರಮ್ ಅನಲೈಸರಿಗೆ. ಅದರ ಜನರೇಟರ್ ಭಾಗ 100 ಕಿಲೋಹರ್ಟ್ಸ್‌ನಿಂದ 350 ಮೆಗಾಹರ್ಟ್ಸ್‌ವರೆಗೆ ಸೈನ್ ತರಂಗ ಕೊಡುತ್ತದೆ, ಎಎಂ ಮಾಡ್ಯುಲೇಷನ್ ಇದೆ, ಔಟ್‌ಪುಟ್ಟನ್ನು ಮೈನಸ್ 76 ಡಿಬಿಎಂವರೆಗೆ, ಅಂದರೆ ಸುಮಾರು 35 ಮೈಕ್ರೋವೋಲ್ಟ್‌ಗೆ ಇಳಿಸಬಹುದು. ನಕಲಿ ಪ್ರತಿಗಳು ಬಹಳ ಇರುವುದರಿಂದ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಬೇಡಿ. ಸರ್ಕ್ಯೂಟಿನ ಫ್ರೀಕ್ವೆನ್ಸಿ ಪ್ರತಿಕ್ರಿಯೆಯನ್ನು ಚಿತ್ರವಾಗಿ ತೋರಿಸುವ ನ್ಯಾನೋವಿಎನ್‌ಎ ಒಳ್ಳೆಯ ಉಪಕರಣವೇ, ಆದರೆ ವಾಲ್ವ್ ಸೆಟ್ಟಿನ ಐಎಫ್ ಕ್ಯಾನಿಗೆ ಅದರ 50 ಓಮನ್ನು ನೇರವಾಗಿ ಜೋಡಿಸಿದರೆ ಕ್ಯಾನಿನ ಕ್ಯೂ (ಟ್ಯೂನಿಂಗಿನ ಮೊನಚು) ಕುಸಿದು ಸುಳ್ಳು ಚಿತ್ರ ಬರುತ್ತದೆ. ಇದೊಂದೇ ಕೆಲಸಕ್ಕಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ.

ಪೀಕ್ ನೋಡಲು ಕಿವಿಯನ್ನು ನಂಬಬೇಡಿ. ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಯಲ್ಲಿ, ಡಯೋಡ್ ಲೋಡಿನ (ಸಿಗ್ನಲ್ಲಿನಿಂದ ಸದ್ದನ್ನು ಬೇರ್ಪಡಿಸುವ ಡಯೋಡಿನ ರೆಸಿಸ್ಟರಿನ) ಡಿಸಿಯನ್ನು ಸಾಮಾನ್ಯ ಡಿಜಿಟಲ್ ಮೀಟರಿನಿಂದ ಅಳೆಯಿರಿ, ಪ್ರೋಬಿನ ತುದಿಯಲ್ಲಿ 100 ಕಿಲೋಓಮ್ ಒಂದನ್ನು ಸೇರಿಸಿಕೊಳ್ಳಿ. ಆಗ ಬೀಪ್ ಕೂಡ ಬೇಕಿಲ್ಲ. ವಾಲ್ಯೂಮ್ ಕಂಟ್ರೋಲಿನ ಮುಂಚೆಯೇ ಕಪ್ಲಿಂಗ್ ಕಂಡೆನ್ಸರ್ ಇರುವ ಸೆಟ್ಟುಗಳಲ್ಲಿ ಕಂಡೆನ್ಸರಿನ ಡಯೋಡ್ ಬದಿಯಲ್ಲಿ ಹಿಡಿಯಬೇಕು. ಎವಿಸಿ ಲೈನಿನಲ್ಲಿಯೂ ಅಳೆಯಬಹುದಾದರೂ, ಸಿಗ್ನಲ್ ಒಂದು ಮಟ್ಟ ದಾಟಿದ ಮೇಲಷ್ಟೇ ಕೆಲಸ ಮಾಡುವ ಡಿಲೇಡ್ ಎವಿಸಿ ಇರುವ ಸೆಟ್ಟುಗಳಲ್ಲಿ ಕ್ಷೀಣ ಸಿಗ್ನಲ್ಲಿಗೆ ಅಲ್ಲಿ ಏನೂ ಕಾಣದು. ಮಾಡ್ಯುಲೇಷನ್ ಇದ್ದರೆ ಸ್ಪೀಕರಿಗೆ ಮುಳ್ಳಿನ ಮೀಟರ್ ಹಾಕುವುದೂ ಸರಿ, ಆದರೆ 3 ಓಮ್ ಸ್ಪೀಕರಿನಲ್ಲಿ 0.4 ವೋಲ್ಟ್ ದಾಟದಂತೆ ಸಿಗ್ನಲ್ಲನ್ನೇ ತಗ್ಗಿಸುತ್ತ ಹೋಗಬೇಕು, ವಾಲ್ಯೂಮನ್ನಲ್ಲ.

ಒಂದು ವಿಷಯವನ್ನು ಗದರಿಸಿಯೇ ಹೇಳಬೇಕಾಗಿದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಬೋರ್ಡಿನ ಗ್ರೌಂಡನ್ನು ಚಾಸಿಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ) ಕೊಟ್ಟಿದ್ದೀರಿ. ಮೈನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟಾಗಿದ್ದರೆ, ಪ್ಲಗ್ ತಿರುವುಮುರುವಾದ ಕ್ಷಣ ಆ ಚಾಸಿಯಲ್ಲಿ 230 ವೋಲ್ಟ್ ಇರುತ್ತದೆ. ವಾಲ್ವಿನ ಹೆಸರು ಯುಸಿಎಚ್, ಯುಎಲ್ ಎಂದು ‘ಯು’ನಿಂದ ಆರಂಭವಾಗುತ್ತಿದ್ದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಲೇಬೇಡಿ. ಮೈನ್ಸಿಗೆ ಹಾಕುವ ಸೀರೀಸ್ ಬಲ್ಬ್, ಸೆಟ್ಟು ಶಾರ್ಟ್ ಆದಾಗ ಕಾಯುತ್ತದೆ, ಶಾಕ್‌ನಿಂದ ಕಾಯುವುದಿಲ್ಲ.

ಐಎಫ್ ಸಿಗ್ನಲ್ಲನ್ನು 0.01 ಮೈಕ್ರೋಫ್ಯಾರಡ್ ಮೂಲಕ, ಬಂದ ಸಿಗ್ನಲ್ಲನ್ನು ಐಎಫ್‌ಗೆ ಬದಲಿಸುವ ಫ್ರೀಕ್ವೆನ್ಸಿ ಚೇಂಜರ್ ವಾಲ್ವಿನ ಗ್ರಿಡ್ಡಿಗೆ ಕೊಡಿ. ಏರಿಯಲ್ ಸಾಕೆಟ್ಟಿನಲ್ಲಿ ಐಎಫ್ ಟ್ರ್ಯಾಪ್ ಇದ್ದರೆ ಅದು ಈ ಸಿಗ್ನಲ್ಲನ್ನು ತಡೆಯುತ್ತದೆ. ಐಎಫ್ 455 ಕಿಲೋಹರ್ಟ್ಸ್ ಎಂದು ಊಹಿಸದೆ ನಿಮ್ಮ ಮಾದರಿಯ ಸರ್ವಿಸ್ ಶೀಟನ್ನು ನೋಡಿ, 452, 470 ಇರುವ ಸೆಟ್ಟುಗಳೂ ಇವೆ. ಶಾರ್ಟ್‌ವೇವಿಗೆ ಬಂದಾಗ ಸಾಕೆಟ್ಟಿನ ಮುಂದೆ 400 ಓಮ್ ಸೀರೀಸಿನಲ್ಲಿರಲಿ. 15 ಮೆಗಾಹರ್ಟ್ಸ್‌ನಲ್ಲಿ ಆಸಿಲೇಟರಿನ (ಐಎಫ್ ಪಡೆಯಲು ಸೆಟ್ಟಿನೊಳಗೇ ತರಂಗ ಹುಟ್ಟಿಸುವ ಭಾಗದ) ಟ್ರಿಮ್ಮರ್ ಕಂಡೆನ್ಸರಿಗೆ ಎರಡು ಪೀಕ್ ಸಿಕ್ಕರೆ, ಟ್ರಿಮ್ಮರ್ ಹೆಚ್ಚು ಬಿಚ್ಚಿರುವುದೇ ಸರಿಯಾದದ್ದು, ಇನ್ನೊಂದು ಇಮೇಜ್, ಅಂದರೆ ಐಎಫ್‌ನ ಎರಡರಷ್ಟು ದೂರದಲ್ಲಿ ಸಿಗುವ ಸುಳ್ಳು ಪ್ರತಿ. ಖಚಿತಪಡಿಸಿಕೊಳ್ಳಲು ಡಯಲನ್ನು ಅಲುಗಿಸದೆ ಬೋರ್ಡನ್ನು (ಐಎಫ್ 455 ಆಗಿದ್ದರೆ) 15.910ಕ್ಕೆ ಇಟ್ಟು ಸಿಗ್ನಲ್ ಹೆಚ್ಚಿಸಿ: ಕ್ಷೀಣವಾಗಿ ಕೇಳಿಸಿದರೆ ಸರಿ, ಬದಲಾಗಿ 14.090ರಲ್ಲಿ ಕೇಳಿಸಿದರೆ ಆಸಿಲೇಟರ್ ತಪ್ಪು ಬದಿಯಲ್ಲಿದೆ.

ಮನೆಯಲ್ಲಿ ಡಿಜಿಟಲ್ ಡಯಲಿನ ಟೆಕ್ಸನ್ ಅಂತಹ ರೇಡಿಯೋ ಇದ್ದರೆ ಅದೂ ಒಂದು ಉಪಕರಣವೇ. ಮರ್ಫಿಯನ್ನು 10 ಮೆಗಾಹರ್ಟ್ಸ್‌ಗೆ ಇಟ್ಟು ಪಕ್ಕದಲ್ಲಿ ಟೆಕ್ಸನ್ನನ್ನು 10.455ರ ಆಸುಪಾಸಿನಲ್ಲಿ ತಿರುಗಿಸಿದರೆ, ಆಸಿಲೇಟರ್ ಎಲ್ಲಿ ಕೂತಿದೆಯೆಂದು ಒಂದು ತಂತಿಯನ್ನೂ ಜೋಡಿಸದೆ ತಿಳಿಯುತ್ತದೆ. ಫ್ರೀಕ್ವೆನ್ಸಿ ಕೌಂಟರಿನ ಪ್ರೋಬನ್ನು ಆಸಿಲೇಟರ್ ಕಾಯಿಲಿಗೆ ತಾಗಿಸಿದರೆ ಫ್ರೀಕ್ವೆನ್ಸಿಯೇ ಜರಗುವುದರಿಂದ ನಾನು ಈಗ ಈ ಕ್ರಮವನ್ನೇ ಅನುಸರಿಸುತ್ತೇನೆ.

ಕೋರ್‌ಗಳಿಗೆ ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಬಳಸಿ. ಮೇಣ ಹಿಡಿದಿದ್ದರೆ ಹೇರ್ ಡ್ರೈಯರಿನಿಂದ ಕ್ಯಾನನ್ನು ಹದವಾಗಿ ಬಿಸಿ ಮಾಡಿ, ಒತ್ತಡ ಹಾಕದೆ ಕಾಯಿರಿ. ಆದರೆ ಇದಕ್ಕೂ ಮುಂಚೆ ಎವಿಸಿ ಲೈನಿನ ಹಳೆಯ ಪೇಪರ್ ಕಂಡೆನ್ಸರನ್ನು ಬದಲಿಸಿದ್ದೀರಾ, ಮತ್ತು ಯಾವ ಕೋರನ್ನು ಎಷ್ಟು ಸುತ್ತು ತಿರುಗಿಸಿದಿರಿ ಎಂಬುದನ್ನು ಇಲ್ಲಿ ಬರೆಯಿರಿ. ಅದು ತಿಳಿಯುವ ತನಕ ಇನ್ನು ಯಾವ ಕೋರನ್ನೂ ಮುಟ್ಟಬೇಡಿ.