ಮೈನಸ್ 80ರ ಫ್ರೀಜರ್‌ನಲ್ಲಿ ಕಟ್ಟಿಕೊಂಡ ಎಣ್ಣೆ

ಪ್ರಶ್ನೆ: ಪೀಣ್ಯದ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮೈನಸ್ 80 ಡಿಗ್ರಿ ಫ್ರೀಜರ್ ಈಗ ಮೈನಸ್ 60ರ ಕೆಳಗೆ ಇಳಿಯುತ್ತಲೇ ಇಲ್ಲ. ಒಂದು ದಿನ ಆಫ್ ಮಾಡಿ ಹಾಕಿದರೆ ಎರಡು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಅದೇ ಕಥೆ. ಎರಡು ಸಲ ಗ್ಯಾಸ್ ತುಂಬಿಸಿದ್ದಾಯಿತು. ಏನು ಮಾಡಲಿ ಸರ್?
– ಓದುಗರೊಬ್ಬರು, ದಾಸರಹಳ್ಳಿ

ಉತ್ತರ: ದಯವಿಟ್ಟು ಮೂರನೇ ಸಲ ಗ್ಯಾಸ್ ತುಂಬಿಸಬೇಡಿ. ಸೋರಿಹೋದ ಗ್ಯಾಸ್ ಒಂದು ದಿನ ಆಫ್ ಮಾಡಿದ್ದಕ್ಕೆ ವಾಪಸ್ ಬರುವುದಿಲ್ಲ ಅಲ್ವಾ? ಒಳಗೆ ಏನೋ ಗಟ್ಟಿಯಾಗುತ್ತಿದೆ, ಬೆಚ್ಚಗಾದಾಗ ಕರಗುತ್ತಿದೆ. ನೀರಿನ ಅಂಶವೂ ಇರಬಹುದು, ಆದರೆ ನಾನು ಬಿಚ್ಚಿದ ಇಂಥ ಯಂತ್ರಗಳಲ್ಲಿ ಜಾಸ್ತಿ ಸಿಕ್ಕಿದ್ದು ಕಂಪ್ರೆಸರ್ ಎಣ್ಣೆಯೇ.

ನಿಮ್ಮ ಫ್ರೀಜರ್‌ನಲ್ಲಿ ಸಾಮಾನ್ಯವಾಗಿ ಎರಡು ಕಂಪ್ರೆಸರ್ ಇರುತ್ತವೆ. ಮೊದಲನೆಯದು ಎರಡನೆಯದರ ಗ್ಯಾಸನ್ನು ತಣ್ಣಗೆ ಮಾಡುತ್ತದೆ. ಎರಡನೆಯದರಲ್ಲಿ ಆರ್-23ರಂಥ ಗ್ಯಾಸ್, ಅದು ಕುದಿಯುವುದೇ ಮೈನಸ್ 82ರಲ್ಲಿ. ಗ್ಯಾಸ್ ಜೊತೆ ಎಣ್ಣೆಯೂ ಹನಿಹನಿಯಾಗಿ ಹೋಗುತ್ತದೆ. ಮನೆ ಫ್ರಿಜ್‌ನಲ್ಲಾದರೆ ಅದು ಸುಮ್ನೆ ತಿರುಗಿ ಬಂದುಬಿಡುತ್ತದೆ. ಇಲ್ಲಿ ಡಿಸೆಂಬರ್ ಬೆಳಗಿನ ಕೊಬ್ಬರಿ ಎಣ್ಣೆ ಥರ ಕ್ಯಾಪಿಲರಿಯಲ್ಲಿ, ಅಂದರೆ ಗ್ಯಾಸ್ ಹಾದುಹೋಗುವ ತೀರಾ ಸಪೂರ ಪೈಪಿನಲ್ಲಿ, ಕೂತುಬಿಡುತ್ತದೆ. ಒಮ್ಮೆ ಯಶವಂತಪುರದಲ್ಲಿ ಅಂಥ ಕ್ಯಾಪಿಲರಿ ಕತ್ತರಿಸಿದೆ. ಏನೂ ಬರಲಿಲ್ಲ. ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ತುದಿಯಿಂದ ಕಂದು ಬಣ್ಣದ ಒಂದು ಹನಿ ಇಳಿಯಿತು.

ಮೊದಲು ಮೆಕ್ಯಾನಿಕ್ ಕರೆಸಿ ಆಯಿಲ್ ಸೆಪರೇಟರ್ ನೋಡಿಸಿ, ಅದು ಗ್ಯಾಸಿನಿಂದ ಎಣ್ಣೆ ಬೇರ್ಪಡಿಸಿ ವಾಪಸ್ ಕಳಿಸುವ ಡಬ್ಬಿ. ಒಳಗೆ ಫ್ಲೋಟ್ (ಎಣ್ಣೆ ಮೇಲೆ ತೇಲುವ ಗುಂಡು) ಇರುವ ಮಾದರಿಯಾದರೆ, ಅಲ್ಲಿಂದ ಕಂಪ್ರೆಸರ್‌ಗೆ ಬರುವ ಸಣ್ಣ ಪೈಪ್ ಆಗಾಗ ಬಿಸಿಯಾಗಿ ಮತ್ತೆ ಆರಬೇಕು. ಯಾವಾಗಲೂ ತಣ್ಣಗಿದ್ದರೆ ಎಣ್ಣೆ ವಾಪಸ್ ಬರುತ್ತಿಲ್ಲ. ಒಳಗೆ ಫಿಲ್ಟರ್ ಇದ್ದರೆ ಅದನ್ನೂ ಬದಲಿಸಲಿ. ಕಂಪ್ರೆಸರ್‌ಗೆ ಎಣ್ಣೆ ಜಾಸ್ತಿ ಹಾಕಿದ್ದರೂ ಇದೇ ತೊಂದರೆ.

ಗ್ಯಾಸನ್ನು ಸಿಲಿಂಡರ್‌ಗೆ ವಾಪಸ್ ತುಂಬಿಕೊಳ್ಳಲಿ, ಹೊರಗೆ ಬಿಡುವುದು ಬೇಡವೇ ಬೇಡ. ಆರ್-23 ಇಂಗಾಲದ ಡೈಆಕ್ಸೈಡ್‌ಗಿಂತ 12,000 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಆಮೇಲೆ ಪೈಪ್‌ಗಳನ್ನು ಫ್ಲಶ್ ಮಾಡಿ, ಒಣ ನೈಟ್ರೋಜನ್ ಊದಿ, ಕ್ಯಾಪಿಲರಿ ಮತ್ತು ನೀರಿನ ಅಂಶ ಹೀರುವ ಡ್ರೈಯರ್ ಹೊಸದು ಹಾಕಲಿ. ಆಮೇಲೆ ಪಂಪ್‌ನಿಂದ ಒಳಗಿನ ಗಾಳಿ ಎಳೆಯಬೇಕು, ಆ ವ್ಯಾಕ್ಯೂಮ್ (ಇಲ್ಲಿ ಮೈಕ್ರಾನ್ ಅಂದರೆ ಒತ್ತಡದ ಅಳತೆ) 500 ಮೈಕ್ರಾನ್‌ಗಿಂತ ಕೆಳಗೆ ಹೋಗಲೇಬೇಕು. ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಕಂಪ್ರೆಸರ್‌ಗೆ ಹಾಕುವುದು ಪಿಒಇ ಎಂಬ ಸಿಂಥೆಟಿಕ್ ಎಣ್ಣೆಯಾದರೆ ಡಬ್ಬಿ ತೆರೆದಿಡಬೇಡಿ. ನಮ್ಮ ಮಳೆಗಾಲದ ಗಾಳಿಯಿಂದ ಅದು ಬೇಗ ನೀರು ಹೀರುತ್ತದೆ.

ಇದಕ್ಕೆಲ್ಲ ಮೊದಲು ಸ್ಯಾಂಪಲ್‌ಗಳನ್ನು ಇನ್ನೊಂದು ಫ್ರೀಜರ್‌ಗೆ ಸಾಗಿಸಿ. ಸಿಗದಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಹಾಕಿಡಿ, ಅದು ಮೈನಸ್ 78ರ ಹತ್ತಿರ ಇರುತ್ತದೆ. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಅದು ಗ್ಯಾಸ್ ಆಗುತ್ತಲೇ ಇರುತ್ತದೆ, ಅದಕ್ಕೇ ಮುಚ್ಚಳ ಬಿಗಿ ಮಾಡಬೇಡಿ, ಕೋಣೆಯ ಕಿಟಕಿ ತೆರೆದಿರಲಿ.